ರೆಮಿಯ ಪರವಾಗಿ

ಪಂದ್ಯವಿರುವ ದಿನ ಮಧ್ಯಾಹ್ನ ಮಲಗಲೇಬೇಕು, ಅದೊಂದು ವ್ರತ. ಬೆಳಿಗ್ಗೆ ರಿಂಕಿಗೆ, ಮಂಜುಗಡ್ಡೆಯ ಆಟದಂಗಳಕ್ಕೆ, ಹೋಗಿ ಮೈ ಸಡಿಲ ಮಾಡಿಕೊಂಡು ಬಂದು, ಕೋಳಿ ಹಾಕಿದ ಪಾಸ್ತಾ ತಿಂದು, ಪರದೆ ಎಳೆದು, ಹೆಂಡತಿ ಫೋನಿನ ತಂತಿ ಕಿತ್ತಿಟ್ಟಳೆಂದರೆ ಊರಿನ ಐಸ್ ಹಾಕಿ ಆಟಗಾರರೆಲ್ಲ ಹಸುಗೂಸುಗಳ ಹಾಗೆ ನಿದ್ದೆ ಹೋಗುತ್ತಾರೆ. ಓರೆಸ್ಟ್ ಪೆಟ್ರಿಷಿನ್ ಮಾತ್ರ ಇಷ್ಟು ವರ್ಷವೂ ಆ ಹೊತ್ತಿನಲ್ಲಿ ಅಂಗಾತ ಬಿದ್ದುಕೊಂಡು ಚಾವಣಿ ನೋಡುತ್ತ ಬಂದಿದ್ದ. ಅಡುಗೆಮನೆಯಲ್ಲಿ ಮಾರ್ನಿ ತುದಿಗಾಲಿನಲ್ಲಿ ಓಡಾಡುತ್ತಿದ್ದಳು. ಅವಳು ಅಷ್ಟು ಕಾಳಜಿಯಿಂದ ಸದ್ದಡಗಿಸುತ್ತಿದ್ದುದೇ ಅವನ ಕಿವಿಗೆ ದೊಡ್ಡ ಸದ್ದಾಗಿತ್ತು. ಒಂದು ಪಾತ್ರೆ ಕೆಳಗೆ ಬಿದ್ದು ಢಣಾರೆಂದಿದ್ದರೆ ಎದ್ದು ರೇಗಿ, ಆ ನೆಪದಲ್ಲಾದರೂ ಹಾಸಿಗೆ ಬಿಡಬಹುದಿತ್ತು. ಅವಳು ಬೀಳಿಸಲಿಲ್ಲ. ಅವನು ಬಲಗೈಯನ್ನು ಮುಖದ ಮೇಲೆ ಎತ್ತಿ ಹಿಡಿದು ಬೆರಳು ಮಡಿಸಿದ, ಬಿಡಿಸಿದ. ಗೆಣ್ಣುಗಳು ಇರಬೇಕಾದ ಕಡೆ ಇರಲಿಲ್ಲ. ಒಂದು ಒಳಗೆ ಹೋಗಿತ್ತು, ಇನ್ನೊಂದು ಪಕ್ಕಕ್ಕೆ ಜರುಗಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅವನ ಪಾಲಿಗೆ ಕೈ ಮುರಿದಷ್ಟೂ ಬಾಯಿಯ ಹಲ್ಲೂ ಹೋಗಿದ್ದವು. ಆಟ ಎಂದು ಕರೆಯುವಂಥದ್ದನ್ನು ಅವನು ಹೆಚ್ಚು ಆಡಿದವನಲ್ಲ. ಬೆಂಚಿನ ತುದಿಯಲ್ಲಿ ಕೂರುವುದು, ಯಾರಾದರೂ ನಮ್ಮವರನ್ನು ಕೆಟ್ಟದಾಗಿ ಹೊಡೆದರೆ ಎದ್ದು ಹೋಗಿ ಗ್ಲೌಸು ಕಳಚಿ ಎಸೆದು ಹೊಡೆದಾಡುವುದು, ಐದು ನಿಮಿಷ ಶಿಕ್ಷೆಯ ಗೂಡಿನಲ್ಲಿ ಕೂತು ಬರುವುದು: ಇಷ್ಟಕ್ಕೆ ಅವನನ್ನು ಇಟ್ಟುಕೊಂಡಿದ್ದರು. ಅವನ ಗೋಲುಗಳನ್ನು ಅವನ ಮಗಳು ಕೈಬೆರಳಲ್ಲೇ ಎಣಿಸಿ ಮುಗಿಸುತ್ತಿದ್ದಳು.

ಎರಡು ವಾರದ ಹಿಂದೆ, ಇವತ್ತು ಸಂಜೆ ಎದುರಾಗಲಿದ್ದ ಇದೇ ಪೋರ್ಟ್ ಲಾರಿಮರ್ ತಂಡದ ಮೇಲೆ ಆಡುವಾಗ, ಓರೆಸ್ಟನ ತಂಡದ ರೆಮಿ ಥೆರಿಯೊ ರಬ್ಬರ್ ಬಿಲ್ಲೆಯನ್ನು ಬೆನ್ನಟ್ಟಿ ಗೋಲಿನ ಹಿಂದಕ್ಕೆ ಹೋಗಿದ್ದ. ತಲೆ ತಗ್ಗಿತ್ತು. ಎದುರು ತಂಡದ ಕೋರಿ ಲಿಂಡ್‌ಸ್ಟ್ರಂ ಎಂಬ ಇಪ್ಪತ್ತೆರಡರ ಆಟಗಾರ ಬೆನ್ನ ಹಿಂದಿನಿಂದ ಬಂದು, ಕೋಲನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು, ರೆಮಿಯ ಕತ್ತಿನ ಬುಡಕ್ಕೆ ಕೊಟ್ಟು ಗಾಜಿನ ಗೋಡೆಗೆ ನೂಕಿದ. ಬಿಲ್ಲೆ ಆಗಲೇ ಬೇರೆ ಮೂಲೆ ಸೇರಿತ್ತು. ರೆಮಿ ಎದ್ದೇಳಲು ಒಂದು ಕಾಲು ಮಡಿಸಿದ; ಆ ಕಾಲು ಯಾರದೋ ಎಂಬಂತೆ ಅದನ್ನೇ ನೋಡಿದ; ಮತ್ತೆ ಮಲಗಿದ. ಇಡೀ ಊರು ಮಾತಾಡಿಕೊಂಡಿದ್ದು ಈ ಕಾಲಿನ ಬಗ್ಗೆ. ಓರೆಸ್ಟ್ ಬಾಯಿಬಿಡದೆ ಹೊತ್ತುಕೊಂಡು ತಿರುಗುತ್ತಿದ್ದುದು ಬೇರೆಯೇ. ಬೆಂಚಿನ ತುದಿಯಲ್ಲಿ ಕೂತು ಅದನ್ನು ಕಣ್ಣಾರೆ ಕಂಡಾಗ ಅವನಿಗೆ ಮೊದಲು ಬಂದ ಯೋಚನೆ ಅಯ್ಯೋ ರೆಮಿ ಎಂದಲ್ಲ, ಅಯ್ಯೋ, ಇನ್ನು ನಾನು ಹೊಡೆದಾಡಬೇಕಲ್ಲ ಎಂದು. ರೆಮಿಯ ನೆನಪು ಬಂದದ್ದು ಎರಡನೆಯದಾಗಿ. ಎರಡರ ನಡುವೆ ಒಂದು ಉಸಿರಿನಷ್ಟು ಅಂತರ, ಅಷ್ಟೇ. ಆ ಒಂದು ಉಸಿರು ಅವನ ಎದೆಯೊಳಗೆ ಹಾಗೇ ನಿಂತುಬಿಟ್ಟಿತ್ತು. ಆವತ್ತು ಗಲಾಟೆಯಲ್ಲಿ ರೆಫರಿಗಳು ಕೋರಿಯನ್ನು ಹೊರಗೆ ಕಳಿಸಿದ್ದರಿಂದ ಹೊಡೆದಾಟ ತಪ್ಪಿತು. ಲೀಗಿನವರು ಎಲ್ಲೋ ಕೂತು ವಿಡಿಯೋ ನೋಡಿ, ಫೋನಿನಲ್ಲೇ ವಿಚಾರಣೆ ಮುಗಿಸಿ, ಹುಡುಗನನ್ನು ಐದು ಪಂದ್ಯಕ್ಕೆ ಹೊರಗಿಟ್ಟರು. ಐದೂ ಮುಗಿದಿದ್ದವು. ರೆಮಿಗೆ ಎಷ್ಟು ಪಂದ್ಯ ಎಂದು ಡಾಕ್ಟರು ಹೇಳಿರಲಿಲ್ಲ. ತಲೆಗೆ ಬಿದ್ದ ಪೆಟ್ಟಿನಿಂದ ಅವನಿಗೆ ಬೆಳಕು ಆಗುತ್ತಿರಲಿಲ್ಲ, ಮಾತು ಆಗುತ್ತಿರಲಿಲ್ಲ, ಮಗು ಅತ್ತರೆ ವಾಂತಿ ಮಾಡಿಕೊಳ್ಳುತ್ತಿದ್ದ.

ಬೆಳಿಗ್ಗೆ ರಿಂಕಿನಲ್ಲಿ ಯಾರೂ ಏನೂ ಹೇಳಿರಲಿಲ್ಲ. ಹೇಳುವುದು ಪದ್ಧತಿಯಲ್ಲ. ಆದರೆ ಎಲ್ಲರೂ ಇದ್ದಕ್ಕಿದ್ದ ಹಾಗೆ ಒಳ್ಳೆಯವರಾಗಿಬಿಟ್ಟಿದ್ದರು. ಯಾವತ್ತೂ ಅವನ ಕಡೆ ತಿರುಗಿ ನೋಡದ ಗೋಲ್‌ಕೀಪರ್ ಕೊನೆಯ ಮಫಿನನ್ನು ತಂದು ಅವನ ಮುಂದಿಟ್ಟ. ಕ್ಯಾಪ್ಟನ್ ಬಂದು ಮಗಳ ಓದಿನ ಬಗ್ಗೆ ವಿಚಾರಿಸಿದ, ಅದೂ ತಪ್ಪು ಹೆಸರು ಹಿಡಿದು. ಬಲಿಯ ಕುರಿಗೆ ಹೂ ಮುಡಿಸುತ್ತಿದ್ದಾರೆ ಎಂದುಕೊಂಡು ಓರೆಸ್ಟ್ ಮಫಿನ್ ತಿಂದ. ಕೋಚ್ ಗಲಾಗರ್ ಬಿಳಿ ಹಲಗೆಯ ಮೇಲೆ ಸಂಜೆ ಮೊದಲು ಇಳಿಯುವ ಐವರ ಹೆಸರು ಬರೆದು, ಬೆನ್ನು ತಿರುಗಿಸಿ ಹೋದ. ಬೆಂಚಿನ ತುದಿಯವನ ಹೆಸರು ಮೊದಲ ಐವರಲ್ಲಿ! ಅಷ್ಟು ಸಾಕು; ಓದಲು ಬಾರದವನೂ ಅದನ್ನು ಓದುತ್ತಾನೆ. ನಾಳೆ ಯಾರಾದರೂ ಕೇಳಿದರೆ ಗಲಾಗರ್ ಎರಡೂ ಕೈ ಮೇಲೆತ್ತಿ, ನಾನು ಯಾರಿಗೂ ಏನೂ ಹೇಳಿಲ್ಲ ಎನ್ನುತ್ತಾನೆ, ಅದು ನಿಜವೂ ಆಗಿರುತ್ತದೆ. ಹೇಳಿದ್ದರೆ ಓರೆಸ್ಟ್ ಒಲ್ಲೆ ಎನ್ನಬಹುದಿತ್ತು. ಹೇಳದೇ ಇದ್ದುದಕ್ಕೆ ಒಲ್ಲೆ ಎನ್ನುವುದು ಹೇಗೆ? ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಪಾದ್ರಿ ಕೂಡ ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, "ಈ ಕೈಗೋಸ್ಕರ ಪ್ರಾರ್ಥನೆ ಮಾಡ್ತಿದೀವಪ್ಪಾ," ಎಂದು ಕಣ್ಣು ಮಿಟುಕಿಸಿದ್ದರು. ಸುತ್ತ ನಿಂತ ಮುದುಕಿಯರು ನಕ್ಕಿದ್ದರು. ಅವನೂ ನಕ್ಕಿದ್ದ. ಆ ನಗು ನೆನಪಾಗಿ ಈಗ ಹಾಸಿಗೆಯಲ್ಲಿ ಮೈ ಬೆವರಿತು.

ಅವನು ಎದ್ದು ಹೊರಗೆ ಬಂದಾಗ ಮಾರ್ನಿ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟು ಬಟ್ಟೆ ಸುತ್ತುತ್ತಿದ್ದಳು.

"ನಿದ್ದೆ ಬಂತಾ?"

"ಚೆನ್ನಾಗಿ ಬಂತು."

"ಸುಳ್ಳು ಹೇಳೋಕೂ ಮುಖದಲ್ಲಿ ಒಂದು ಕಳೆ ಬೇಕು ಕಣೋ. ಕಣ್ಣು ನೋಡ್ಕೋ ಹೋಗು." ಅವಳು ಗಂಟು ಬಿಗಿದಳು. "ದಾರೀಲಿ ರೆಮಿ ಮನೇಲಿ ಇದನ್ನ ಸೊಲಾಂಜ್‌ಗೆ ಕೊಟ್ಟು ಹೋಗು. ಪೆರೊಹಿ ಮಾಡಿದೀನಿ, ಆಲೂಗಡ್ಡೆ ತುಂಬಿ."

"ನಾಳೆ ನೀನೇ ಕೊಟ್ಬಿಡು. ಇವತ್ತು ನಂಗೆ ಹೊತ್ತಾಗುತ್ತೆ."

"ಓರೆಸ್ಟ್. ಎರಡು ವಾರ ಆಯ್ತು. ನಾನು ನಾಲ್ಕು ಸಲ ಹೋಗ್ಬಂದೆ. ಪ್ರತಿ ಸಲಾನೂ ಅವಳು ನನ್ನ ಹಿಂದ್ಗಡೆ ಕಾರ್ ಕಡೆ ನೋಡ್ತಾಳೆ, ನೀನು ಕೂತಿದೀಯೇನೋ ಅಂತ."

ಅವನು ಡಬ್ಬಿ ತೆಗೆದುಕೊಂಡ. ಒಳಗಿನ ಕಡುಬಿಗೆ ಬಿಸಿಯಾಗಿತ್ತು. ಕಾರಿನ ಎಂಜಿನ್ ಹೆಪ್ಪುಗಟ್ಟದಿರಲೆಂದು ಸಿಕ್ಕಿಸಿದ್ದ ವಯರನ್ನು ಕಿತ್ತು, ಸೀಟಿನ ಮೇಲೆ ಡಬ್ಬಿಯನ್ನಿಟ್ಟು, ಗಾಜಿನ ಮೇಲಿನ ಹಿಮ ಕೆರೆಯುತ್ತ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತ. ಗಣಿಯ ದೊಡ್ಡ ಚಿಮಣಿಯ ಹೊಗೆ ಚಳಿಗೆ ಅಲುಗಾಡದೆ ನೆಟ್ಟಗೆ ನಿಂತಿತ್ತು. ಗ್ಯಾರೋ ಲೇಕ್ ಎಂಬ ಈ ಊರಿನಲ್ಲಿ ಒಂದೋ ಗಣಿಗೆ ಇಳಿಯಬೇಕು, ಇಲ್ಲವೇ ಹಾಕಿ ಆಡಬೇಕು ಎಂದು ಅವನ ಅಪ್ಪ ಹೇಳುತ್ತಿದ್ದ. ಅಪ್ಪ ಗಣಿಗೆ ಇಳಿದವನು, ಮಗನನ್ನು ಇಳಿಸಲಿಲ್ಲ. ಹದಿನೈದರ ಓರೆಸ್ಟ್ ಮೊದಲ ಸಲ ಒಬ್ಬನ ಮೂಗು ಮುರಿದಾಗ ಮೇಲಿನ ಸಾಲಿನಿಂದ ಅಪ್ಪ ಎದ್ದುನಿಂತು ಚಪ್ಪಾಳೆ ತಟ್ಟಿದ್ದ. ಅದಕ್ಕೂ ಮುಂಚೆ ಹೊಡೆದ ಗೋಲುಗಳಿಗೆ ಆತ ಕೂತೇ ತಟ್ಟಿದ್ದ. ಇದನ್ನು ಹುಡುಗ ಗಮನಿಸಿದ್ದ. ಯಾವುದನ್ನು ಗಮನಿಸುತ್ತೇವೋ ಅದೇ ಆಗಿಬಿಡುತ್ತೇವೇನೋ.

ರೆಮಿಯ ಮನೆಯ ಮಲಗುವ ಕೋಣೆಯ ಕಿಟಕಿಗೆ ಒಳಗಿನಿಂದ ಕಪ್ಪು ಕಸದ ಚೀಲ ಅಂಟಿಸಿದ್ದರು. ಬೆಲ್ಲಿನ ಮೇಲೆ ಬಟ್ಟೆಯ ತುಂಡು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು. ಅವನು ಬಾಗಿಲನ್ನು ಬೆರಳಿನಿಂದ ತಟ್ಟಿದ. ಅವನ ಬೆರಳು ಎಷ್ಟು ಮೆಲ್ಲಗೆ ತಟ್ಟಿದರೂ ಗುದ್ದಿದ ಹಾಗೇ ಕೇಳುತ್ತಿತ್ತು. ರೆಮಿಯ ಹೆಂಡತಿ ಸೊಲಾಂಜ್ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲು ಅರ್ಧ ತೆರೆದಳು. ಒಳಗೆ ಬನ್ನಿ ಎನ್ನಲಿಲ್ಲ. ಡಬ್ಬಿ ತೆಗೆದುಕೊಂಡು, "ಮಾರ್ನಿಗೆ ಥ್ಯಾಂಕ್ಸ್ ಹೇಳಿ," ಎಂದಳು. ಗಲ್ಲದ ಮೂಳೆ ಎದ್ದು ಕಾಣುತ್ತಿತ್ತು.

"ರೆಮಿ ಹೇಗಿದಾನೆ?"

"ಇದಾರೆ."

ಒಳಗಿನ ಕತ್ತಲೆಯಿಂದ ಒಂದು ದನಿ ಬಂತು. ಹಿಂದೆ ಬಸ್ಸಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಅಪಸ್ವರವಾಗಿ ಹಾಡುತ್ತಿದ್ದವನ ದನಿ, ಈಗ ಬಾವಿಯ ತಳದಿಂದ ಬಂದ ಹಾಗಿತ್ತು. "ಯಾರೇ ಅದು?"

ಸೊಲಾಂಜ್ ಓರೆಸ್ಟನ ಮುಖವನ್ನೇ ನೋಡುತ್ತ, ಕತ್ತು ತಿರುಗಿಸದೆ ಹೇಳಿದಳು. "ಯಾರೂ ಇಲ್ಲ ರೀ. ಪೇಪರಿನವನು. ಮಲಕ್ಕೊಳ್ಳಿ."

ಅವಳು ಬಾಗಿಲನ್ನು ಹಿಂದೆ ಎಳೆದುಕೊಂಡು, ಆ ಚಳಿಯಲ್ಲಿ ಮಗುವಿನ ಸಮೇತ ಹೊರಗೇ ಬಂದಳು.

"ಇವತ್ತು ಅವ್ನು ಆಡ್ತಾನಂತಲ್ಲ."

"ಹೂಂ."

"ನೀವು ಅವನನ್ನ ಹೊಡೀತೀರ. ಅಂಗಡೀಲಿ ಎಲ್ರೂ ಅದೇ ಮಾತು. ಪೇಪರ್ ಹಾಕೋ ಮುದುಕ ಕೂಡ ನಂಗೆ ಹೇಳ್ದ, ಚಿಂತೆ ಮಾಡ್ಬೇಡಮ್ಮಾ, ಇವತ್ತು ಓರೆಸ್ಟ್ ನೋಡ್ಕೋತಾನೆ ಅಂತ. ಏನು ನೋಡ್ಕೋತೀರಿ ನೀವು? ಅವ್ನ ಹಲ್ಲು ಉದುರ್ಸಿದ್ರೆ ಇವ್ರು ಎದ್ದು ಕೂರ್ತಾರಾ?"

"ಸೊಲಾಂಜ್, ಅದು ಹಾಗಲ್ಲಮ್ಮಾ..."

"ನಿಮ್ಮ ಕೆಲಸ ನೀವು ಮಾಡ್ಕೊಳ್ಳಿ, ನಾನು ಬೇಡ ಅನ್ನಲ್ಲ. ಇವರ ಹೆಸರಲ್ಲಿ ಮಾಡ್ಬೇಡಿ, ಅಷ್ಟೇ. ನಂಗೆ ಬೇಕಾಗಿರೋದು ಒಂದೇ. ಆ ಹುಡುಗ ಇಲ್ಲಿಗೆ ಬರ್ಲಿ. ಈ ಬಾಗಿಲಲ್ಲಿ ನಿಂತ್ಕೊಂಡು ಮುಖ ತೋರಿಸ್ಲಿ. ಕತ್ತಲೇಲಿ ಒಂದು ಗಳಿಗೆ ಇವರ ಪಕ್ಕ ಕೂತು ಹೋಗ್ಲಿ. ಒಂದು ಫೋನು, ಒಂದು ಚೀಟಿ, ಏನಿಲ್ಲ. ಅವನ ಕಡೆಯವರೂ ಇಲ್ಲ." ಅವಳು ಮಗುವಿನ ಟೋಪಿಯನ್ನು ಕಿವಿಯ ಮೇಲೆಳೆದಳು. ಆಮೇಲೆ ದನಿ ತಗ್ಗಿಸಿ, "ನಿಮ್ಮ ತಂಡದವರೂ ಬರ್ಲಿಲ್ಲ ಬಿಡಿ," ಎಂದಳು.

ಕಾರಿನೊಳಗೆ ಬಂದು ಕೂತ ಮೇಲೆ ಅವನಿಗೆ ಉತ್ತರಗಳು ಸಾಲಾಗಿ ಹೊಳೆದವು. ನಾನು ಹೊಡೆಯದಿದ್ದರೆ ಮುಂದಿನ ವಾರ ಇನ್ನೊಬ್ಬ ಇನ್ನೊಬ್ಬ ರೆಮಿಯನ್ನು ಗೋಡೆಗೆ ಹಾಕುತ್ತಾನೆ. ನಾನು ಹೊಡೆಯದಿದ್ದರೆ ನನ್ನ ಜಾಗಕ್ಕೆ ಬೇರೆಯವನು ಬರುತ್ತಾನೆ, ಅವನು ಹೊಡೆಯುತ್ತಾನೆ. ಎಲ್ಲವೂ ಸರಿಯಾದ ಮಾತುಗಳೇ. ಯಾವುದನ್ನೂ ಆ ಅರ್ಧ ತೆರೆದ ಬಾಗಿಲಿನ ಮುಂದೆ ನಿಂತು ಹೇಳಲು ಆಗುತ್ತಿರಲಿಲ್ಲ. ಅವಳು ಕೇಳಿದ್ದು ಎಷ್ಟು ಸಣ್ಣದು ಎಂದು ಅವನಿಗೆ ಸಿಟ್ಟು ಬಂತು. ರಕ್ತ ಕೇಳಿದ್ದರೆ ತಂದುಕೊಡಬಹುದಿತ್ತು.

ಸಂಜೆ ರಿಂಕು ಹಬ್ಬದ ಹಾಗೆ ತುಂಬಿತ್ತು. ರೆಮಿಯ ಅಂಗಿಯ ಸಂಖ್ಯೆಯನ್ನು ಹಲಗೆಗಳ ಮೇಲೆ ಬರೆದು ಎತ್ತಿ ಹಿಡಿದಿದ್ದರು. ರಾಷ್ಟ್ರಗೀತೆ ಆಗುವಾಗ ಓರೆಸ್ಟ್ ಎದುರು ತಂಡದ ನೀಲಿ ಅಂಗಿಗಳ ಸಾಲಿನಲ್ಲಿ ಕೋರಿಯನ್ನು ಹುಡುಕಿದ. ಅವನು ಬೆಂಚಿನಲ್ಲಿದ್ದ. ತೆಳ್ಳನೆಯ ಕತ್ತು, ಮೊಡವೆ, ಕಣ್ಣು ನೆಲದ ಮೇಲೆ. ವಿಡಿಯೋದಲ್ಲಿ ಕಂಡಾಗ ಅವನೊಂದು ಗೂಳಿಯಾಗಿದ್ದ. ಇಲ್ಲಿ ನೋಡಿದರೆ ಯಾವುದೋ ಮನೆಯ ಕೊನೆಯ ಮಗ. ಎದುರು ತಂಡದ ಮೊದಲ ಐವರಲ್ಲಿ, ಓರೆಸ್ಟನ ಸರಿಯೆದುರಿಗೆ ಬಂದು ನಿಂತವನು ಕ್ಲೆಮ್ ಮ್ಯಾಕ್‌ಈಚರ್ನ್. ನಿಲ್ಲದೆ ಹೇಗೆ? ಇವರು ತಮ್ಮ ಹೊಡೆದಾಟದವನನ್ನು ಮುಂದೆ ಬಿಟ್ಟರೆ ಅವರು ತಮ್ಮ ಹೊಡೆದಾಟದವನನ್ನು ಮುಂದೆ ಬಿಡುತ್ತಾರೆ. ಕ್ಲೆಮ್ ಮತ್ತು ಅವನು ಬೇರೊಂದು ಊರಿನಲ್ಲಿ ಮೂರು ಚಳಿಗಾಲ ಒಂದೇ ಕೋಣೆಯಲ್ಲಿ ಮಲಗಿದವರು, ಒಂದೇ ಸೂಟನ್ನು ಸರದಿಯ ಮೇಲೆ ಹಾಕಿಕೊಂಡವರು. ಬೇಸಿಗೆಯಲ್ಲಿ ಈಗಲೂ ಮೀನು ಹಿಡಿಯಲು ಒಟ್ಟಿಗೆ ಹೋಗುತ್ತಾರೆ. ಇಬ್ಬರೂ ಕೋಲು ಮಂಜಿಗೂರಿ, ಬಗ್ಗಿ, ಬಿಲ್ಲೆ ಬೀಳುವುದನ್ನೇ ನೋಡುತ್ತಿರುವವರ ಹಾಗೆ ಮಾತಾಡಿಕೊಂಡರು.

"ಏನ್ ಗುರು. ಮನೆ ಕಡೆ ಎಲ್ಲಾ ಹೇಗೆ?" ಎಂದ ಕ್ಲೆಮ್.

"ನಡೀತಿದೆ. ನಿನ್ ಬೆನ್ನು?"

"ಬೆನ್ನು ಇದೆ, ಅಷ್ಟೇ ಹೇಳ್ಬೋದು."

"ಕ್ಲೆಮ್, ನಂಗೆ ನೀನು ಬೇಡ ಮಾರಾಯ. ಆ ಹುಡುಗ ಬೇಕು."

"ಗೊತ್ತು. ಅವ್ನು ಹೊಡೆದಾಡೋ ಪೈಕಿ ಅಲ್ಲ, ಮುದುರ್ಕೊಂಡು ಬೀಳ್ತಾನೆ. ಬಿದ್ದವನನ್ನ ಹೊಡೆದ್ರೆ ನೀನೂ ಅವನ ಥರಾನೇ ಆದೆ. ನೀನು ಅವನ ಹತ್ರ ಹೋದ್ರೆ ನಾನು ಹಿಂದ್ಗಡೆಯಿಂದ ಬರ್ಬೇಕಾಗುತ್ತೆ. ಯಾಕೆ ಅದೆಲ್ಲ? ಎದುರುಬದ್ರು ಮುಗ್ಸಿಬಿಡೋಣ."

"ಸರಿ."

"ಎಡಗಣ್ಣಿನ ಕಡೆ ಬರ್ಬೇಡ. ಹೊಲಿಗೆ ಹಾಕಿ ನಾಲ್ಕು ದಿನಾನೂ ಆಗಿಲ್ಲ. ಡಾಕ್ಟ್ರು ಆಡ್ಲೇಬೇಡ ಅಂದಿದ್ರು."

"ಆಯ್ತು, ಬರಲ್ಲ."

"ಒಳ್ಳೇದಾಗ್ಲಿ ಕಣೋ."

"ನಿಂಗೂ."

ಬಿಲ್ಲೆ ಬಿತ್ತು, ಗ್ಲೌಸುಗಳು ಬಿದ್ದವು, ಐದು ಸಾವಿರ ಜನ ಒಟ್ಟಿಗೆ ಎದ್ದುನಿಂತರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಇಷ್ಟು ಅಚ್ಚುಕಟ್ಟಾಗಿ, ಟಿಕೆಟ್ಟಿಟ್ಟು ನಡೆಸುವ ಜಾಗ ಇನ್ನೊಂದಿಲ್ಲ. ಇಲ್ಲಿ ಹಾಕುವವನೂ ಎಮ್ಮೆಯೇ, ಹಾಕಿಸಿಕೊಳ್ಳುವವನೂ ಎಮ್ಮೆಯೇ. ಇಬ್ಬರೂ ಎಡಗೈಯಲ್ಲಿ ಒಬ್ಬರ ಕತ್ತುಪಟ್ಟಿಯನ್ನು ಒಬ್ಬರು ಹಿಡಿದು ಸುತ್ತಿದರು. ಕ್ಲೆಮ್‌ನ ಮೊದಲ ಏಟು ಕಿವಿಯ ಮೇಲೆ ಬಿತ್ತು, ಎರಡನೆಯದು ಬಾಯಿಗೆ. ನೋವು ಯಾವಾಗಲೂ ಓರೆಸ್ಟನಿಗೆ ಬಿಡುಗಡೆಯ ಹಾಗಿರುತ್ತಿತ್ತು. ಇಡೀ ದಿನದ ದಿಗಿಲು ಮೊದಲ ಏಟಿಗೆ ಕರಗುತ್ತಿತ್ತು. ಈ ಸಲ ಕರಗಲಿಲ್ಲ. ಅವನು ಕ್ಲೆಮ್‌ನ ಬಲಗೆನ್ನೆಗೆ, ಗದ್ದಕ್ಕೆ, ಹೆಗಲಿಗೆ ಹೊಡೆದ. ಹೊಡೆಯುತ್ತ, ಇದು ರೆಮಿಗಲ್ಲ, ಇದು ರೆಮಿಗಲ್ಲ ಎಂದು ತನಗೇ ಹೇಳಿಕೊಂಡ. ಹಾಗಾದರೆ ಯಾರಿಗೆ? ಹೆಲ್ಮೆಟ್ಟು ಕಳಚಿ ಹೋದ ಕ್ಲೆಮ್‌ನ ಬೋಳುತಲೆಯ ಆಚೆ ನೀಲಿಯವರ ಬೆಂಚು ಕಂಡಿತು. ಅಲ್ಲಿ ಕೋರಿ ತಲೆ ಹಿಂದಕ್ಕೆ ವಾಲಿಸಿ ಬಾಟಲಿಯಿಂದ ನೀರು ಕುಡಿಯುತ್ತಿದ್ದ. ಬಾಯಾರಿಕೆಯಾಗಿತ್ತು, ಕುಡಿಯುತ್ತಿದ್ದ. ಓರೆಸ್ಟನ ಬಲಗೈ ಎಲ್ಲಿಗೆ ಹೋಗುತ್ತಿದೆ ಎಂದು ಅವನಿಗೆ ತಿಳಿದದ್ದು ಅದು ತಲುಪಿದ ಮೇಲೆ. ಕ್ಲೆಮ್‌ನ ಎಡಹುಬ್ಬಿನ ಮೇಲೆ ಹೊಲಿಗೆ ಬಿಚ್ಚಿಕೊಂಡಿತು. ಅವನು ಅಲ್ಲೇ ಇನ್ನೊಂದು ಸಲ ಹೊಡೆದ. ಮೂರನೆಯದಕ್ಕೆ ತನ್ನ ಕೈಯೊಳಗೆ ಏನೋ ಲಟಕ್ಕೆಂದಿತು. ಕ್ಲೆಮ್ ಮಂಡಿಯೂರಿದ. ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು; ಇನ್ನೊಂದು ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ಏಯ್," ಎಂದ, ಅಷ್ಟೇ.

ಶಿಕ್ಷೆಯ ಗೂಡಿನಲ್ಲಿ ಬಾಗಿಲು ಹಾಕುವ ಕೆಲಸದ ಮುದುಕ ಬೀಗದ ಅಡ್ಡಪಟ್ಟಿಯನ್ನು ಎಳೆದು, "ಕೊಟ್ಟೆ ನೋಡಪ್ಪ, ಹೊಟ್ಟೆ ತಣ್ಣಗಾಯ್ತು," ಎಂದ. ಹಿಂದಿನ ಗಾಜನ್ನು ಜನ ಅಂಗೈಯಿಂದ ಬಡಿಯುತ್ತಿದ್ದರು; ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡು ತೋರಿಸುತ್ತಿದ್ದರು. ಮೂರು ಕಡೆ ಗಾಜು, ಒಂದು ಕಡೆ ಹಲಗೆ. ಬೆಂಚಿನಲ್ಲಿದ್ದ ಅವನ ತಂಡದವರು ಕೋಲುಗಳಿಂದ ಕಟ್ಟೆಯನ್ನು ಕುಟ್ಟಿ ಮರ್ಯಾದೆ ಸಲ್ಲಿಸಿದರು. ಎದುರಿನ ಗೂಡು ಖಾಲಿ. ಕ್ಲೆಮ್‌ನನ್ನು ಹೊಲಿಗೆಗೆ ಒಳಗೆ ಕರೆದೊಯ್ದಿದ್ದರು. ಮಂಜಿನ ಮೇಲಿದ್ದ ರಕ್ತವನ್ನು ಒಬ್ಬ ಕೆರೆದು ಬಕೆಟ್ಟಿಗೆ ಹಾಕಿಕೊಂಡು ಹೋದ. ಆಟ ಶುರುವಾಯಿತು, ಕೋರಿ ಕಟ್ಟೆ ಹಾರಿ ಇಳಿದ. ಓರೆಸ್ಟ್ ಮುಂದೆ ಬಾಗಿ ಕಾದ. ಯಾರಾದರೂ ಆ ಹುಡುಗನನ್ನು ಒಂದು ಸಲ ಹೆಗಲಿನಿಂದ ಗುದ್ದಲಿ, ಕಾನೂನಿನ ಒಳಗೇ ಗುದ್ದಲಿ. ಯಾರೂ ಮುಟ್ಟಲಿಲ್ಲ. ಅವನ ಹಾದಿಗೆ ಬಂದವರು ಪಕ್ಕಕ್ಕೆ ಸರಿದರು. ಲೆಕ್ಕ ಚುಕ್ತಾ ಆಗಿತ್ತು. ಚುಕ್ತಾ ಆದ ಮೇಲೆ ಕೆದಕುವುದು ಇಲ್ಲಿ ನೀಚತನ, ಇದು ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಓರೆಸ್ಟನ ಕೈಯಿಂದಲೇ ಆ ಹುಡುಗನ ಸುತ್ತ ಬೇಲಿ ಬಿದ್ದಿತ್ತು. ಗೂಡಿನ ಗಾಜಿನಾಚೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ಕೋರಿ ಬಿಲ್ಲೆ ತೆಗೆದುಕೊಂಡು ಹೋಗಿ ಗೋಲು ಹೊಡೆದ. ಕೈ ಎತ್ತಲಿಲ್ಲ, ಕುಣಿಯಲಿಲ್ಲ. ಕದ್ದ ವಸ್ತುವನ್ನು ಅಲ್ಲೇ ಇಟ್ಟು ಬರುವವನ ಹಾಗೆ ತಲೆ ತಗ್ಗಿಸಿಕೊಂಡು ಬೆಂಚಿಗೆ ಹೋದ.

ಪಂದ್ಯ ಸೋತರೂ ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರಿಗೂ ಬೇಸರವಿರಲಿಲ್ಲ. ಕ್ಯಾಪ್ಟನ್ ಬಂದು ಓರೆಸ್ಟನ ತಲೆಯನ್ನು ತನ್ನ ಎದೆಗೊತ್ತಿಕೊಂಡು, "ಸಮ ಆಯ್ತು ಕಣಯ್ಯಾ, ರೆಮಿ ಇವತ್ತು ನೆಮ್ಮದಿಯಾಗಿ ಮಲಗ್ತಾನೆ," ಎಂದ. ಗಲಾಗರ್ ದೂರದಿಂದಲೇ ಒಂದು ಬೆರಳನ್ನು ಹುಬ್ಬಿಗೆ ತಾಕಿಸಿ ಹೋದ. ತಂಡದ ಡಾಕ್ಟರು ಕೈಯನ್ನು ಐಸಿನ ಬಕೆಟ್ಟಿನಿಂದ ಎತ್ತಿ, ಒತ್ತಿ ನೋಡಿ, ಎರಡು ಕಡೆ ಮುರಿದಿರಬೇಕು ಎಂದು ಪಟ್ಟಿ ಕಟ್ಟಿದರು. ಬೆರಳುಗಳು ಹುರಿದ ಸಾಸೇಜಿನ ಹಾಗೆ ಊದಿಕೊಂಡು ಅರ್ಧ ಬಿಚ್ಚಿ ನಿಂತುಬಿಟ್ಟವು. ನೆಮ್ಮದಿಯಾಗಿ ಮಲಗುತ್ತಾನೆ. ಓರೆಸ್ಟ್ ಸ್ನಾನ ಮಾಡದೆ, ಕೋಟು ಹೆಗಲ ಮೇಲೆ ಹಾಕಿಕೊಂಡು, ಹಿಂದಿನ ದೊಡ್ಡ ಬಾಗಿಲ ಕಡೆ ಹೋದ. ಎದುರು ತಂಡದ ಬಸ್ಸು ಅಲ್ಲಿ ಹೊಗೆ ಬಿಡುತ್ತ ನಿಂತಿತ್ತು. ಕ್ಲೆಮ್‌ನ ಮುಖ ನೋಡದೆ ಮನೆಗೆ ಹೋಗುವುದು ಆಗುವುದಿಲ್ಲ ಎಂದು ಅವನಿಗೆ ಅನಿಸಿತ್ತು.

ಕ್ಲೆಮ್ ಮೆಟ್ಟಿಲ ಬಳಿ ಸಿಗರೇಟು ಸೇದುತ್ತಿದ್ದ. ಮುಖದ ಅರ್ಧ ಭಾಗ ಪಟ್ಟಿಯೊಳಗಿತ್ತು.

"ಎಡಗಣ್ಣು ಅಂತ ಹೇಳಿದ್ದೆ," ಎಂದ.

"ಹೇಳಿದ್ದೆ."

"ಒಂದು ಸಲ ಆದ್ರೆ ಕೈ ಜಾರ್ತು ಅನ್ಬೋದು. ಮೂರು ಸಲ ಹೊಡ್ದೆಯಲ್ಲೋ."

"ನಿಂಗಲ್ಲ ಕ್ಲೆಮ್ ಅದು."

"ಕಣ್ಣು ನಂದು ಮಾರಾಯ." ಅವನು ನಗಲು ಹೋಗಿ, ಹೊಲಿಗೆ ಎಳೆದು, ನಿಲ್ಲಿಸಿದ. "ನಾಳೆ ಆಸ್ಪತ್ರೇಲಿ ನೋಡಿ ಹೇಳ್ತಾರಂತೆ, ಒಳಗಡೆ ಏನಾಗಿದೆ ಅಂತ. ಹೋಗ್ಲಿ ಬಿಡು. ಹೊಟ್ಟೆಪಾಡು." ಸಿಗರೇಟನ್ನು ಹಿಮದಲ್ಲಿ ಹೊಸಕಿ, ಕಂಬಿ ಹುಡುಕಿಕೊಂಡು, ಕುರುಡನ ಹಾಗೆ ಬಸ್ಸು ಹತ್ತಿದ. ಬೇಸಿಗೆಯ ಮೀನಿನ ಮಾತು ಇಬ್ಬರೂ ಎತ್ತಲಿಲ್ಲ.

ಓರೆಸ್ಟ್ ತಿರುಗುವಷ್ಟರಲ್ಲಿ ಕೋರಿ ಅವನ ಹಿಂದೆ ನಿಂತಿದ್ದ. ಬಾಗಿಲಿನ ಮರೆಯಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದನೋ, ಟೋಪಿ ಕೈಯಲ್ಲಿತ್ತು, ಒದ್ದೆ ಕೂದಲು ಚಳಿಗೆ ಕಡ್ಡಿಯಾಗಿತ್ತು.

"ಪೆಟ್ರಿಷಿನ್... ಒಂದ್ನಿಮಿಷ. ನೀವು ಇವತ್ತು ನನ್ನ ಹೊಡೀತೀರಿ ಅಂತ ಕಾಯ್ತಿದ್ದೆ. ಬೆಳಗ್ಗೆಯಿಂದ ಊಟ ಇಳೀಲಿಲ್ಲ."

"ಹೊಡೆದದ್ದು ನೋಡಿದೆಯಲ್ಲ."

"ನಂಗಲ್ವಲ್ಲ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಮಧ್ಯ ಬರ್ಬೇಡಿ ಅಂತ ಕ್ಲೆಮ್‌ಗೆ ನಾನೇ ಹೇಳ್ದೆ. ನಿಂಗೇನು ಗೊತ್ತು, ಸುಮ್ನೆ ಕೂತ್ಕೋ ಅಂದ್ರು. ರೆಮಿ ಮನೆಗೆ ಹೋಗ್ತೀನಿ ಅಂದ್ರೆ ಕೋಚ್ ಬೇಡ ಅಂದ್ರು. ಅಪ್ಪ ಯಾರನ್ನೋ ವಕೀಲರನ್ನ ಕೇಳಿ, ಹೋದ್ರೆ ತಪ್ಪು ಒಪ್ಕೊಂಡ ಹಾಗೆ ಆಗುತ್ತೆ, ಹೋಗ್ಬೇಡ ಅಂದ್ರು. ತಪ್ಪು ನಂದೇ ತಾನೆ? ಯಾರೂ ಏನೂ ಮಾಡೋಕೆ ಬಿಡ್ತಿಲ್ಲ. ಕಣ್ಣು ಮುಚ್ಚಿದ್ರೆ ಆ ಗಾಜಿನ ಸದ್ದು. ಈಗ ಹೊಡೀರಿ. ಒಂದೇ ಒಂದು. ಇಲ್ಲಿ ಯಾರೂ ಇಲ್ಲ. ಆಮೇಲೆ ನಾನು ನಿದ್ದೆ ಮಾಡ್ತೀನಿ."

ಅವನು ಮುಖವನ್ನು ಮುಂದೆ ಚಾಚಿ ಕಣ್ಣು ಮುಚ್ಚಿದ. ಓರೆಸ್ಟನ ಬಾಯಿಯ ತನಕ ಒಂದು ಮಾತು ಬಂದಿತ್ತು: ಅವರ ಮನೆ ಇಲ್ಲೇ ಸೇತುವೆ ದಾಟಿದ ಮೇಲೆ, ನನ್ನ ಕಾರಿದೆ, ಹತ್ತು. ಎಷ್ಟು ಸುಲಭದ ಮಾತು. ಸೊಲಾಂಜ್ ಬೇಡಿದ್ದೂ ಇವನು ಬೇಡುತ್ತಿರುವುದೂ ಒಂದೇ ಕಾರಿನಲ್ಲಿ ಹಿಡಿಸುವಷ್ಟು ಸಣ್ಣದು. ಆದರೆ ಆ ಮಾತಿಗಿಂತ ಮುಂಚೆ ಅವನಿಗೆ ಸಿಟ್ಟು ಬಂತು. ಇವನ ನಿದ್ದೆಗಾಗಿ ಕ್ಲೆಮ್‌ನ ಕಣ್ಣು ಹೋಗಿರಬಹುದು, ಇವನ ನಿದ್ದೆಗಾಗಿ ಇನ್ನೂ ಒಂದು ಏಟು ಬೇಕಂತೆ. ಮೊಡವೆಯ ಆ ಕೆನ್ನೆಯ ಮೇಲೆ, ಇಡೀ ದಿನ ಕಾದಿಟ್ಟ ಏಟನ್ನು, ರೆಮಿಗಲ್ಲ, ಸೊಲಾಂಜಳಿಗಲ್ಲ, ತನಗಾಗಿ, ತನ್ನೊಬ್ಬನಿಗಾಗಿ ಹಾಕಬೇಕೆನಿಸಿತು. ಅವನು ಕೈ ಬೀಸಿದ. ಬೆರಳುಗಳು ಮಡಿಯಲಿಲ್ಲ. ಅರ್ಧ ದಾರಿಯಲ್ಲಿ ನೋವು ಭುಜದವರೆಗೆ ಏರಿ ತೋಳಿನ ಬಲ ಹೊರಟುಹೋಯಿತು. ಪಟ್ಟಿ ಸುತ್ತಿದ ಆ ದೊಡ್ಡ ಕೈ ಹುಡುಗನ ಕೆನ್ನೆಯ ಮೇಲೆ ಮೆಲ್ಲಗೆ ಹೋಗಿ ಕೂತಿತು, ಅಲ್ಲೇ ಉಳಿಯಿತು.

ಕೋರಿ ಕಣ್ಣು ತೆರೆದ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು ಎಂದುಕೊಂಡ. ಇಡೀ ಮುಖ ಒಡೆದು ಅಳು ಬಂತು. ಆ ಕೈಯನ್ನು ತನ್ನ ಎರಡೂ ಕೈಯಿಂದ ಕೆನ್ನೆಗೆ ಒತ್ತಿಕೊಂಡ. ನೋವಿಗೆ ಓರೆಸ್ಟನ ಕಣ್ಣಲ್ಲೂ ನೀರು ಬಂತು, ಹುಡುಗ ಅದನ್ನೂ ನೋಡಿದ.

"ಥ್ಯಾಂಕ್ಸ್," ಎಂದ, ಬಿಕ್ಕುತ್ತ. "ನೀವು ಹೀಗೆ ಮಾಡ್ತೀರಿ ಅಂತ ನಾನು... ಥ್ಯಾಂಕ್ಸ್."

ಇದಲ್ಲ, ನಾನು ಕೊಟ್ಟದ್ದು ಇದಲ್ಲ ಎನ್ನಬೇಕಿತ್ತು. ಕೈಯ ಕೆಳಗೆ ಕೆನ್ನೆ ಬೆಚ್ಚಗಿತ್ತು. ಸಂಬಳಕ್ಕೆ ಹೊಡೆದಾಡಿದ ಈ ಹದಿಮೂರು ವರ್ಷದಲ್ಲಿ ಓರೆಸ್ಟನ ಕೈ ಒಂದು ಮುಖದ ಮೇಲೆ ಬಿದ್ದು, ಆ ಮುಖ ಹಿಂದೆ ಸರಿಯದೆ ಹತ್ತಿರಕ್ಕೆ ಬಂದದ್ದು ಇದೇ ಮೊದಲು. ಅವನಿಗೆ ಹಾಯೆನಿಸಿತು. ಹೇಳಿಬಿಡಬೇಕೆಂದರೆ ಸುಖವೆನಿಸಿತು. ನಾಚಿಕೆಯಾಯಿತು, ಆದರೂ ಕೈ ತೆಗೆಯಲಿಲ್ಲ. ಬಸ್ಸಿನ ಡ್ರೈವರು ಹಾರ್ನ್ ಹೊಡೆದ. ಕೋರಿ ತೋಳಿನಲ್ಲಿ ಮೂಗೊರೆಸಿಕೊಂಡು, ಟೋಪಿ ಹಾಕಿಕೊಂಡು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಅವನ ಬೆನ್ನು ಆಗಲೇ ನೆಟ್ಟಗಾಗಿತ್ತು.

"ರೆಮಿಗೆ ಹೇಳ್ತೀರಾ? ನಾನು ನಿಮ್ಮ ಹತ್ರ ಬಂದಿದ್ದೆ ಅಂತ. ನೀವು ಹೇಳಿದ್ರೆ ಸಾಕು, ನಾನೇ ಹೋದ ಹಾಗೆ."

"ಹೇಳ್ತೀನಿ," ಎಂದ ಓರೆಸ್ಟ್.

ಬಾಗಿಲು ಮುಚ್ಚಿತು. ಬಸ್ಸು ಹಿಮದ ರಾಶಿಯನ್ನು ಬಳಸಿ ತಿರುಗಿತು. ಬೆಳಗಿದ ಕಿಟಕಿಯೊಂದರಲ್ಲಿ ಕೋರಿ ಕಂಡ. ಪಕ್ಕದವನು ಏನೋ ಕೊಟ್ಟ, ಸ್ಯಾಂಡ್‌ವಿಚ್ಚು, ಅವನು ಕಾಗದ ಬಿಚ್ಚಿ ದೊಡ್ಡ ತುತ್ತು ಕಚ್ಚಿದ. ಓರೆಸ್ಟ್ ಎಡಗೈಯಲ್ಲಿ ಕಾರಿನ ಬಾಗಿಲು ತೆಗೆದು ಕೂತ. ಎಂಜಿನ್ ಬೆಚ್ಚಗಾಗುವವರೆಗೂ ಕೂತ, ಆದ ಮೇಲೂ ಕೂತ. ಹುಡುಗ ಮುಖ ತೋರಿಸಿ ಹೋಗಿದ್ದ, ತೋರಿಸಬಾರದವನಿಗೆ. ಇನ್ನು ಆ ಅರ್ಧ ತೆರೆದ ಬಾಗಿಲಲ್ಲಿ ಹೋಗಿ ನಿಲ್ಲಬೇಕಾದವನು, ಒಳಗಿನ ಕತ್ತಲೆಯಿಂದ ಯಾರದು ಎಂದರೆ ನಾನು ಎನ್ನಬೇಕಾದವನು, ಓರೆಸ್ಟನೇ.